ಐವತ್ತೆರಡು ಸ್ಲೈಡುಗಳಲ್ಲಿ ಕಳೆದುಹೋದ ನಮ್ಮ ಒಂದು ತಾರೀಕು

ಗೋಡೆಯ ಮೇಲೆ ಸ್ಲೈಡು ಬಿಟ್ಟು ಮಹಿಳಾ ಸಂಘಗಳಿಗೆ ತಿಳಿವಳಿಕೆ ಹೇಳಿದ ತರಬೇತುದಾರ ಮಹಾಶಯರ ಸನ್ನಿಧಾನಕ್ಕೆ, ಆತಗೂರಿನ ಪಟ್ಟಲಮ್ಮ ಮಾಡುವ ನಮಸ್ಕಾರಗಳು.

ಮಾನ್ಯರೇ,

ಇವತ್ತು ಸೋಮವಾರ, ನನಗೆ ಒಪ್ಪತ್ತು. ಕೊಟ್ಟಿಗೆ ಬಾಚಿ, ಡೇರಿಗೆ ಹಾಲು ಹಾಕಿ, ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಬಿಟ್ಟು, ಮಿಂದು ದೀಪ ಹಚ್ಚಿ ಈ ಕಾಗದಕ್ಕೆ ಕೂತಿದ್ದೇನೆ. ಹಸಿದವಳ ಕಾಗದವಾದ್ದರಿಂದ ಮಾತು ಅಲ್ಲಲ್ಲಿ ಒರಟಾದರೆ ಮನ್ನಿಸಬೇಕು. ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಓದಿದವಳು, ಸುತ್ತು ಬಳಸಿ ಬರೆಯುವುದನ್ನು ನಮ್ಮ ಮೇಷ್ಟ್ರು ಕಲಿಸಲಿಲ್ಲ.

ಕಳೆದ ಬುಧವಾರ ಮದ್ದೂರಿನ ಕಲ್ಯಾಣ ಮಂಟಪಕ್ಕೆ ನಮ್ಮ ಸಂಘದ ಹನ್ನೊಂದು ಜನ ಬಂದದ್ದು ಒಂದೇ ಕೆಲಸಕ್ಕೆ. ಸಂಘಗಳಿಗೆ ರಾಗಿ ಬೀಸುವ ಗಿರಣಿ ಕೊಡುತ್ತಾರಂತೆ, ಅರ್ಜಿ ಯಾರಿಗೆ ಕೊಡಬೇಕು, ಜೊತೆಗೆ ಏನು ಇಡಬೇಕು, ಯಾವತ್ತಿನೊಳಗೆ ಕೊಡಬೇಕು ಎಂಬ ಮೂರು ಮಾತು ತಿಳಿದುಕೊಂಡು ಹೋಗೋಣ ಎಂದು. ನಮ್ಮ ಬೀದಿಯ ಗಿರಣಿ ಮುಚ್ಚಿ ವರ್ಷವಾಯಿತು. ಅರವತ್ತೈದರ ದೇವಿರಮ್ಮನೂ ತಲೆಯ ಮೇಲೆ ರಾಗಿ ಹೊತ್ತು ಎರಡು ಮೈಲಿ ನಡೆಯುತ್ತಾಳೆ, ಹಿಟ್ಟು ಹೊತ್ತು ಎರಡು ಮೈಲಿ ವಾಪಸು ಬರುತ್ತಾಳೆ.

ಮೂರು ಮಾತಿಗೆ ತಾವು ಐವತ್ತೆರಡು ಸ್ಲೈಡು ಮಾಡಿಕೊಂಡು ಬಂದಿದ್ದಿರಿ. ಇಂಥ ಧಾರಾಳ ನಮ್ಮ ಕಡೆ ಬೀಗರೂಟದಲ್ಲೂ ಕಂಡಿಲ್ಲ. ಅದಕ್ಕಿಂತ ದೊಡ್ಡದು ತಮ್ಮ ಭಕ್ತಿ. ಪ್ರತಿಯೊಂದು ಸ್ಲೈಡಿನ ಹಿಂದೆಯೂ ಲಕ್ಷ್ಮೀದೇವಿಯನ್ನು ಗೋಡೆಯಗಲ ಕೂರಿಸಿ, ಅಮ್ಮನ ಪಾದದ ಮೇಲೆ, ಸೀರೆಯ ಅಂಚಿನ ಮೇಲೆ ಸಾಸಿವೆ ಕಾಳಿನಂಥ ಅಕ್ಷರ ಚೆಲ್ಲಿದ್ದಿರಿ. ಎದುರಿಗೆ ತಾಯಿ ಬಂದಾಗ ಕೂತೇ ಇರುವ ಅಭ್ಯಾಸ ನಮಗಿಲ್ಲ. ಮೊದಲ ಸ್ಲೈಡಿಗೆ ಎದ್ದೆವು, ಚಪ್ಪಲಿ ಬೆಂಚಿನಡಿ ತಳ್ಳಿ ಕೈ ಮುಗಿದೆವು. ಕೂರುವಷ್ಟರಲ್ಲಿ ಗೋಡೆ ಕಪ್ಪಾಗಿ ತಾಯಿ ಮತ್ತೆ ಬಂದಳು, ಮತ್ತೆ ಎದ್ದೆವು. ತಾವು ಅದನ್ನು ತಮಗೆ ಸಂದ ಗೌರವವೆಂದು ತಿಳಿದು ತಾವೂ ಬಗ್ಗಿ ಕೈ ಮುಗಿದಿರಿ. ಎದುರಿಗಿದ್ದವರು ಕೈ ಮುಗಿದಾಗ ಸುಮ್ಮನಿರಬಾರದೆಂದು ನಾವು ಇನ್ನೊಮ್ಮೆ ಮುಗಿದೆವು. ಹದಿನೆಂಟನೆಯದಕ್ಕೆ ದೇವಿರಮ್ಮ ಮಂಡಿ ಹಿಡಿದುಕೊಂಡು, "ಏಳೇ ಪಟ್ಟಲಿ, ಇನ್ನೊಂದ್ ಕಿತ ಬಂದ್ಲು ತಾಯಿ. ಇವತ್ತು ಓಗಂಗೆ ಕಾಣಾಕಿಲ್ಲ" ಎಂದಳು. ಪುಸ್ತಕ, ಪೆನ್ನು ಎಲ್ಲರ ಮಡಿಲಲ್ಲೇ ಇದ್ದವು, ಕೈ ಬಿಡುವಾಗಿರಲಿಲ್ಲ.

ಬಿಡುವಿದ್ದ ಕೈ ನಮ್ಮಲ್ಲಿ ಶಮೀಮ್ ಬಾನುವಿನದು ಒಂದೇ. ಅವಳು ಕೂತಲ್ಲೇ ಕಣ್ಣು ಕಿರಿದು ಮಾಡಿಕೊಂಡು ಯಾರಿಗೆ, ಏನು ಎಂಬ ಎರಡನ್ನು ಬರೆದುಕೊಂಡಳು. ಮೂರನೆಯ ಮಾತಿಗೆ ಬಂದಾಗ ತಾವು ಅಕ್ಷರಗಳಿಗೆ ಅದೇನು ಮಾಡಿದಿರೋ, ಒಂದೊಂದೇ ಗಿರಗಿರ ಸುತ್ತಿ ಹಾರಿಹೋದವು. "ಓದ್ತಾ ಓದ್ತಾನೇ ಎದ್ದೋದ್ವು ಕಣಕ್ಕ, ನಾನೇನ್ ಮಾಡ್ಲಿ" ಎಂದು ಅವಳು ತೋರಿಸಿದ ಪುಸ್ತಕದಲ್ಲಿ ಇರುವುದು ಇಷ್ಟು: 'ಕೊನೆಯ ದಿನ ಇದೇ ತಿಂಗಳ'. ಅಲ್ಲಿಗೆ ನಿಂತಿದೆ. ತಿಂಗಳಲ್ಲಿ ಈಗ ಉಳಿದಿರುವುದು ಹನ್ನೊಂದು ದಿನ.

ಕೊನೆಗೆ ತಾವು ಪ್ರಶ್ನೆ ಇದ್ದವರು ಏಳಬಹುದು ಎಂದಿರಿ. ನಾವು ಹನ್ನೊಂದೂ ಜನ ಎದ್ದೆವು. ತಾವು ಮತ್ತೊಮ್ಮೆ ಕೈ ಮುಗಿದು ಜೀಪು ಹತ್ತಿದಿರಿ.

ಮಾನ್ಯರೇ, ತಮಗೆ ಬುದ್ಧಿ ಹೇಳುವಷ್ಟು ದೊಡ್ಡವಳು ನಾನಲ್ಲ. ಆದರೂ ಮಳವಳ್ಳಿಗೆ ಹೋಗುವ ಬಸ್ಸನ್ನು ಒಮ್ಮೆ ನೋಡಿ. ಅದರ ಹಣೆಯ ಮೇಲೆ ಒಂದೇ ಊರಿನ ಹೆಸರು, ಬಿಳಿಯ ಮೇಲೆ ಕಪ್ಪು, ದೂರದಿಂದಲೇ ಕಾಣುತ್ತದೆ. ಓಡುವ ಬಸ್ಸಿನ ಮೇಲೂ ಅಕ್ಷರ ನಿಂತಿರುತ್ತದೆ. ನಿಂತ ಗೋಡೆಯ ಮೇಲೂ ತಾವು ಅದನ್ನು ಓಡಿಸುತ್ತೀರಿ. ಸಾಧ್ಯವಾದರೆ ಕರುಗಳ ಹಾಗೆ ಒಂದೊಂದನ್ನೂ ಗೂಟಕ್ಕೆ ಕಟ್ಟಿಕೊಂಡು ಬನ್ನಿ. ಒಂದು ಸಲಕ್ಕೆ ಒಂದೇ ಮಾತು ಹಾಕಿ, ಹಾಕುವ ಮುಂಚೆ ಕೊನೆಯ ಬೆಂಚಿನಲ್ಲಿ ಕೂತು ತಾವೇ ಓದಿ. ತಾಯಿಯನ್ನು ಮೊದಲ ಸ್ಲೈಡಿನಲ್ಲಿ ಒಂದು ಸಲ ಕರೆದು, ಪೂಜೆ ಸಲ್ಲಿಸಿ ಕಳಿಸಿಕೊಡಿ, ಅವಳಿಗೂ ಬೇರೆ ಕೆಲಸವಿರುತ್ತದೆ. ಇದೆಲ್ಲ ಆಗದೆಂದರೆ, ನಮ್ಮ ಸಂಘದ ಪ್ರತಿ ಹೆಂಗಸಿಗೂ ಇನ್ನೆರಡು ಕೈ ಮಂಜೂರು ಮಾಡಿಸಿ. ಗೋಡೆಯ ಮೇಲಿದ್ದ ತಾಯಿಗೆ ನಾಲ್ಕಿದ್ದವು, ನಮಗೆ ಎರಡೇ. ಎರಡು ಮುಗಿಯುವುದಕ್ಕೆ, ಎರಡು ಬರೆದುಕೊಳ್ಳುವುದಕ್ಕೆ ಆಗುತ್ತಿತ್ತು.

ಸದ್ಯಕ್ಕೆ ನಮಗೆ ಬೇಕಾದದ್ದು ತಾರೀಕು. ಅದು ಕಳೆದೇ ಹೋಗಿದ್ದರೆ ಕಳೆದುಹೋಯಿತು ಎಂದೇ ಬರೆಯಿರಿ, ದೇವಿರಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ. ನಮ್ಮ ಪಕ್ಕದ ಮನೆಯ ಕವಿತ ದಿನಾ ಮದ್ದೂರಿಗೆ ಹೊಲಿಗೆ ಕಲಿಯಲು ಬರುತ್ತಾಳೆ. ನಾಳೆ ಮಧ್ಯಾಹ್ನ ಈ ಕಾಗದ ಹಿಡಿದು ತಮ್ಮ ಕಚೇರಿಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಉತ್ತರವನ್ನು ಅವಳ ಕೈಗೆ ಕೊಡಿ, ತಂದುಕೊಡುತ್ತಾಳೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಪಟ್ಟಲಮ್ಮ
ಆತಗೂರು

ವಿ.ಸೂ.: ತಮ್ಮ ಐವತ್ತೆರಡನೆಯ ಸ್ಲೈಡು ನಮ್ಮ ಊಟ ಮುಗಿಯುವವರೆಗೂ ಗೋಡೆಯ ಮೇಲೇ ಇತ್ತು. ಅದೊಂದರಲ್ಲಿ ಮಾತ್ರ ತಾಯಿ ಇರಲಿಲ್ಲ, 'ಧನ್ಯವಾದಗಳು' ಎಂದು ಒಂದೇ ಪದ, ಮೊಳದುದ್ದದ ಅಕ್ಷರ, ಸುತ್ತ ಬರೀ ಬಿಳುಪು. ಕಣ್ಣು ಮಂಜಾದ ದೇವಿರಮ್ಮನೂ ಸಾರು ಸುರಿಯುತ್ತಾ ಗಟ್ಟಿಯಾಗಿ ಓದಿದಳು. ಕಾಣುವಂತೆ ಬರೆಯಲು ತಮಗೆ ಬರುವುದಿಲ್ಲವೆಂದು ನಾವು ಯಾರೂ ಹೇಳುತ್ತಿಲ್ಲ.