ಬಾವಿಗೋಡೆಯ ಮೇಲೊಂದು ಥೀಸಿಸ್

ತಾಳಿ ಕಟ್ಟುವ ಮೊದಲೇ ಊರಿಗೆಲ್ಲ ಮದುವೆ ಊಟ ಹಾಕಿಸಿದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನು ನಮ್ಮ ಕಾಕಾ. ಡಾಕ್ಟರೇಟ್ ಸಿಗುವ ಮೊದಲೇ ತನ್ನ ಸಂಶೋಧನೆಯನ್ನೆಲ್ಲ ದೇವದುರ್ಗ, ಮಾನ್ವಿ ತಾಲೂಕುಗಳ ಜನರಿಗೆ ಹಂಚಿ, ಕೈ ಕೊಡವಿಕೊಂಡು ಕೂತ ಮಹಾನುಭಾವ!

ಎಪ್ಪತ್ತರ ದಶಕದ ಮಾತು. ಕಾಕಾ ರಾಯಚೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ. ಅವನ ಪಿಎಚ್.ಡಿ. ವಿಷಯ ಹಳ್ಳಿಯ ಬಾವಿಗಳ ನೀರು. ಯಾವುದು ಸಿಹಿ, ಯಾವುದು ಸವಳು, ಯಾವುದರಲ್ಲಿ ಏನೇನು ಕರಗಿದೆ ಎಂಬ ಲೆಕ್ಕ. ನಾನು ಆಗಷ್ಟೇ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದೆ. ಅದೇ ನಾನು ಮಾಡಿದ ತಪ್ಪು! ಕೋಷ್ಟಕಗಳನ್ನೆಲ್ಲ ನನ್ನಿಂದ ಟೈಪು ಮಾಡಿಸುತ್ತಿದ್ದ. ಹಾಳೆ ಆರು, ನಡುವೆ ಕಾರ್ಬನ್ ಐದು. ಒಂದು ಅಂಕಿ ತಪ್ಪಿದರೆ ಆರು ಕಡೆ ರಬ್ಬರ್ ಉಜ್ಜಬೇಕು.

"ಯಾರಿಗೆ ಕಾಕಾ ಇಷ್ಟೊಂದು ಕಾಪಿ?" ಎಂದೆ ಒಂದು ದಿನ, ಬೆರಳು ನೀವಿಕೊಳ್ಳುತ್ತ.

"ಕೇಳಿದವರಿಗೆ."

"ಯಾರೂ ಕೇಳೇ ಇಲ್ಲಲ್ಲ?"

"ಕೇಳ್ತಾರ, ತಡಿ."

ನೀರು ತರಲು ಅವನಿಗೆ ಗಟ್ಟಿ ಮುಚ್ಚಳದ ಗಾಜಿನ ಬಾಟಲಿಗಳು ಬೇಕಿದ್ದವು. ಅಂಥವು ಪುಕ್ಕಟೆ ಸಿಗುವುದು ಎಲ್ಲಿ? ಬ್ರಾಂಡಿ ಅಂಗಡಿಯ ಹಿಂದೆ! ದೇವದುರ್ಗದ ಬಸ್ಸಿನಲ್ಲಿ ಕಾಲೇಜು ಮಾಸ್ತರರ ಚೀಲ ಟಣಟಣ ಎಂದರೆ ಯಾರು ತಾನೇ ಸುಮ್ಮನಿರುತ್ತಾರೆ?

"ಚೀಲದಾಗ ಏನ್ರೀ ಮಾಸ್ತರ?" ಎಂದ ಕಂಡಕ್ಟರ್.

"ಸಂಶೋಧನಾ."

"ನಮಗೂ ಒಂದ್ ಗುಟುಕು ಸಂಶೋಧನಾ ಕೊಡ್ರಲ್ಲ!"

ಕೇಳಿದವರಿಗೆ ಇಲ್ಲ ಎನ್ನುವ ಪೈಕಿಯೇ ನಮ್ಮ ಕಾಕಾ? ಕೊಟ್ಟೇಬಿಟ್ಟ. ಕಂಡಕ್ಟರ್ ಒಂದೇ ಗುಟುಕಿಗೆ ಕಿಟಕಿಯಿಂದ ಹೊರಗೆ ಉಗುಳಿದ. "ಥೂ! ಯಾವ ಹಾಳಾದಾಂವ ಕುಡೀತಾನ್ರೀ ಇದನ್ನ?"

"ಈ ನೀರು ತಂದ ಊರಾಗಿನ ಮಂದಿ ಎಲ್ಲಾ, ದಿನಾ," ಎಂದ ಕಾಕಾ, ನೋಟ್‌ಬುಕ್ ತೆಗೆದು ಕಂಡಕ್ಟರನ ಅಭಿಪ್ರಾಯವನ್ನೂ ಬರೆದುಕೊಂಡ.

ಇನ್ನು ಫಲಿತಾಂಶ ಬಂತೆಂದರೆ ಅದು ಅವನ ಹೊಟ್ಟೆಯಲ್ಲಿ ಒಂದು ವಾರ ನಿಲ್ಲುತ್ತಿರಲಿಲ್ಲ. ಭಾನುವಾರ ಬಣ್ಣದ ಡಬ್ಬಿ ಹಿಡಿದು ಆ ಬಾವಿಗೇ ಹೋಗಿ, ಅದರ ಗೋಡೆಗೆ ಸುಣ್ಣ ಬಳಿಸಿ, ಮೇಲೆ ಬರೆದು ಬರುತ್ತಿದ್ದ. ಸಿಹಿನೀರಾದರೆ ಹಸಿರಕ್ಷರ, ಸವಳಾದರೆ ಕೆಂಪು. ಕೆಳಗೆ ಅಂಕಿಗಳು, ತಾರೀಖು. ಊರ ಶಾಲೆಗೆ ಒಂದು ಕಾರ್ಬನ್ ಪ್ರತಿ. ಉಳಿದವರು ಥೀಸಿಸ್ಸಿಗೆ ಕ್ಯಾಲಿಕೋ ಬೈಂಡ್ ಹಾಕಿಸುತ್ತಾರೆ, ನಮ್ಮವನು ಸುಣ್ಣ ಬಳಿಸುತ್ತಿದ್ದ!

ಪೋತ್ನಾಳದ ಕಡೆಯ ಹಳ್ಳಿಯೊಂದರಲ್ಲಿ ಹೀಗೆ ಬರೆಯುವಾಗ ಮುದುಕಿಯೊಬ್ಬಳು ಕೊಡ ಇಳಿಸಿ ಕೇಳಿದಳಂತೆ: "ಏನ್ ಬರೀಲಿಕ್ಕತ್ತಿಯೋ ಯಪ್ಪಾ?"

"ಈ ನೀರು ಗಡಸು ಅದ ಅಂತ, ಯವ್ವಾ."

"ಇಷ್ಟು ತಿಳಕೊಳ್ಳಾಕ ಕಾಲೇಜಿಗೆ ಹೋಗಿದ್ದೇನು? ಇದರಾಗ ತೊಗರಿಬ್ಯಾಳಿ ಬೇಯಂಗಿಲ್ಲ. ನಮ್ಮತ್ತಿ ಹೇಳಿದ್ಳು, ಆಕಿಗಿ ಆಕಿ ಅತ್ತಿ ಹೇಳಿದ್ಳು."

ಬೇರೆ ಪಂಡಿತರಾಗಿದ್ದರೆ ಮುಖ ಗಂಟಿಕ್ಕುತ್ತಿದ್ದರು. ಕಾಕಾ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಸುತ್ತಲಿನ ಯಾವ ಬಾವಿಯಲ್ಲಿ ಬೇಳೆ ಬೇಯುತ್ತದೆ ಎಂದು ಆಕೆಯನ್ನು ಕೇಳಿ ಬರೆದುಕೊಂಡು ಬಂದ. ಕೋಷ್ಟಕದಲ್ಲಿ ‘ಬೇಳೆ ಬೇಯುವುದೇ?’ ಎಂಬ ಹೊಸ ಅಂಕಣ ಹುಟ್ಟಿತು. ಎಲ್ಲವನ್ನೂ ಮತ್ತೆ ಆರಾರು ಪ್ರತಿ ಟೈಪು ಮಾಡಿದವರು ಯಾರು ಎಂದು ನಾನು ಹೇಳಬೇಕಿಲ್ಲ. ದೂರದ ವಿಶ್ವವಿದ್ಯಾಲಯದಲ್ಲಿದ್ದ ಅವನ ಗೈಡ್ ಆ ಅಂಕಣದ ಎದುರು ಒಂದು ದೊಡ್ಡ ಪ್ರಶ್ನೆಚಿಹ್ನೆ ಹಾಕಿ ಕಳಿಸಿದರು. ಜೊತೆಗೆ ಒಂದು ಸಾಲು: ‘ಡಿಗ್ರಿ ಬರುವ ತನಕ ಅಂಕಿಗಳನ್ನು ಯಾರಿಗೂ ತೋರಿಸಬೇಡಿ.’ ಪಾಪ, ತಮ್ಮ ಕಪಾಟಿನ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಮಲಗುವ ಮನುಷ್ಯರು ಅವರು.

ಒಂದು ಬೆಳಿಗ್ಗೆ ದೇವದುರ್ಗದ ಕಡೆಯ ಹಿರಿಯರು ನಾಲ್ವರು ನಮ್ಮ ಮನೆ ಬಾಗಿಲಿಗೆ ಬಂದರು. ಮುಖ ನೋಡಿದರೆ ಜಗಳಕ್ಕೇ ಬಂದವರು.

"ಮಾಸ್ತರ, ನಿಮ್ಮ ಕೆಂಪು ಬಣ್ಣದಿಂದ ನಮ್ಮೂರಿಗಿ ಹೆಣ್ಣು ಕೊಡವಲ್ರು! ಮೊನ್ನಿ ಬೀಗರು ಬಂದವ್ರು ಹುಡುಗನ್ನ ನೋಡೂದು ಬಿಟ್ಟು ಬಾವಿ ಓದಿದ್ರು. ಸುಸ್ಲಾ ಸೈತ ತಿನ್ನದ ಎದ್ದು ಹ್ವಾದ್ರು. ಅಳಸ್ರಿ ಅದನ್ನ!"

"ಅಳಸಿದ್ರ ನೀರು ಸಿಹಿ ಆಗತದೇನ್ರೀ?" ಎಂದ ಕಾಕಾ. "ಬರ್ರಿ, ಒಳಗ ಕುಂದರ್ರಿ. ಬೋರಿಂಗ್ ಹಾಕ್ಸಿಕೊಡ್ರಿ ಅಂತ ತಾಲೂಕಾಫೀಸಿಗಿ ಅರ್ಜಿ ಬರಿಯೂಣು. ಅಂಕಿ ನಾ ಕೊಡ್ತೀನಿ."

ಅರ್ಜಿಯನ್ನು ನಾನೇ ಟೈಪು ಮಾಡಿದೆ, ಕೋಷ್ಟಕ ಲಗತ್ತಿಸಿದೆ. ಅಂಕಿ ಕಂಡ ಆಫೀಸು ಇಲ್ಲ ಎನ್ನಲಾರದೆ ಹೋಯಿತು. ಮರು ವರ್ಷ ಬೋರಿಂಗ್ ಬಂತು, ಅದರ ಹಿಂದೆ ಸೊಸೆಯಂದಿರೂ ಬಂದರು!

ಇಷ್ಟರಲ್ಲಿ ಆಗಬಾರದ್ದು ಆಯಿತು. ದೂರದ ಊರಿನ ಅಧ್ಯಾಪಕನೊಬ್ಬ ಬಂದು ಕೋಷ್ಟಕಗಳ ಪ್ರತಿ ಕೇಳಿದ. ಹಂಚಲು ಉಳಿದಿದ್ದದ್ದು ಕಟ್ಟಕಡೆಯ ಕಾರ್ಬನ್, ಅಕ್ಷರ ಇದೆಯೋ ಇಲ್ಲವೋ ಎಂಬಷ್ಟು ಮಸುಕು. ಕಾಕಾ ಅದನ್ನೇ ಕೊಟ್ಟ. ಆ ಮಹಾಶಯ ಅಷ್ಟನ್ನೂ ತನ್ನ ಹೆಸರಿನಲ್ಲಿ ಸಂಶೋಧನಾ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿಕೊಂಡ! ವಿಶ್ವವಿದ್ಯಾಲಯದಿಂದ ಪತ್ರ ಬಂತು. ಈ ಅಂಕಿಗಳು ಈಗಾಗಲೇ ಬೇರೆಯವರ ಹೆಸರಲ್ಲಿ ಪ್ರಕಟವಾಗಿವೆ, ಆದ್ದರಿಂದ ನಿಮ್ಮ ಥೀಸಿಸ್ ತೆಗೆದುಕೊಳ್ಳಲಾಗದು. ನಮ್ಮ ಕೇರಿಯ ಮೊದಲ ಡಾಕ್ಟರ್ ಆಗಬೇಕಿದ್ದವನ ಏಳು ವರ್ಷದ ದುಡಿಮೆ ನೀರಲ್ಲಿ ಹೋಮ ಮಾಡಿದಂತಾಯಿತು.

ಕಾಕಾ ಆ ಪತ್ರಿಕೆ ತರಿಸಿ ಓದಿದ. ಓದುತ್ತ ಓದುತ್ತ ಹಣೆ ಚಚ್ಚಿಕೊಂಡ. ಅಂತೂ ಇವನಿಗೂ ಸಿಟ್ಟು ಬಂತಲ್ಲ ಎಂದು ನನಗೆ ಸಮಾಧಾನವಾಯಿತು.

"ಅಯ್ಯ ಪಾಪ, ಮೂರು ಇದ್ದಲ್ಲಿ ಎಂಟು ಹಾಕ್ಯಾನ ನೋಡು! ಮಸುಕು ಕಾಪಿ ಕೊಟ್ಟಿದ್ವಿ, ಅವಗ ಕಂಡಿಲ್ಲ. ಮಂದಿ ತಪ್ಪು ಅಂಕಿ ನಂಬಿದ್ರ ಏನ್ ಗತಿ?" ಎಂದವನೇ ತನಗೆಂದು ಇಟ್ಟುಕೊಂಡಿದ್ದ ಸ್ವಚ್ಛ ಪ್ರತಿಯನ್ನು ಆ ಕಳ್ಳನಿಗೆ ಅಂಚೆಯಲ್ಲಿ ಕಳಿಸಿದ! ಹೇಳಿ, ಇಂಥವನ ಜೊತೆ ಒಂದೇ ಮನೆಯಲ್ಲಿ ಬಾಳುವುದು ಹೇಗೆ? ನಾನು ಅವನೊಡನೆ ಮಾತು ಬಿಟ್ಟೆ.

ವಿಚಾರಣೆಗೆಂದು ಗೈಡ್ ಸಾಹೇಬರೇ ರಾಯಚೂರಿಗೆ ಬಂದರು. "ಮುಚ್ಚಿಡ್ರಿ ಅಂತ ಎಷ್ಟು ಸಲ ಬರದೆ ನಿಮಗ? ಈ ಅಂಕಿ ನಿಮ್ಮವು ಅನ್ನಾಕ ಈಗೇನು ಸಾಕ್ಷಿ ಅದ?"

"ಬಾವಿ ಅದಾವಲ್ರೀ ಸರ್," ಎಂದ ಕಾಕಾ.

ಮೂರು ದಿನ ಅವರನ್ನು ಬಸ್ಸಿನಲ್ಲಿ, ಚಕ್ಕಡಿಯಲ್ಲಿ ಹಳ್ಳಿಹಳ್ಳಿ ತಿರುಗಿಸಿದ. ಒಂದೊಂದು ಗೋಡೆಯ ಮೇಲೂ ಅದೇ ಅಂಕಿ, ಪತ್ರಿಕೆಗಿಂತ ವರ್ಷಗಟ್ಟಲೆ ಹಿಂದಿನ ತಾರೀಖು. ಶಾಲೆಗಳಲ್ಲಿ ಮಾಸ್ತರರು ಕಾರ್ಬನ್ ಪ್ರತಿಗಳನ್ನು ತೆಗೆದು ತೋರಿಸಿದರು. ಮುಚ್ಚಿಟ್ಟಿದ್ದರೆ ಹೇಳಲು ಕಾಕಾ ಒಬ್ಬನೇ ಇರುತ್ತಿದ್ದ. ಹಂಚಿದ್ದಕ್ಕೆ ಎರಡು ತಾಲೂಕಿನ ಜನ ಸಾಕ್ಷಿ ಹೇಳಿದರು. ನಾಲ್ಕನೆಯ ದಿನ ಮಧ್ಯಾಹ್ನ ಗೈಡ್ ಬಿಸಿಲಿಗೆ ಕಪ್ಪಾಗಿ, ನಗುತ್ತ ನಮ್ಮ ಮನೆಗೆ ಬಂದರು. ಥೀಸಿಸ್ ತೆಗೆದುಕೊಳ್ಳುವಂತೆ ತಾವೇ ಬರೆಯುವುದಾಗಿ ಹೇಳಿದರು.

ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಅವರು ಕೇಳಿದರು: "ಈ ಸಲ ಏನೋ ಉಳಕೊಂಡ್ರಿ. ಇನ್ನ ಮುಂದರ ಮುಚ್ಚಿಡ್ತೀರಿಲ್ಲೋ?"

ಕಾಕಾ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ. ಅವನ ತಾಯಿ, ನಮ್ಮ ಆಯಿ, ಒಲೆಯ ಮುಂದಿನಿಂದ ಹೇಳಿದಳು.

"ಅದು ಅವನ ಕೈಲೆ ಆಗಂಗಿಲ್ರೀ ಸಾಯೇಬ್ರ. ಇಂವ ಸಣ್ಣಾಂವ ಇದ್ದಾಗ ನಮ್ಮೂರಾಗ ನಮ್ಮ ಮಂದೀನ ಬಾವಿ ಮುಟ್ಟಾಕ ಬಿಡ್ತಿದ್ದಿಲ್ಲ. ಕೊಡ ಇಟಗೊಂಡು ದೂರ ನಿಂದರಬೇಕು, ಯಾರರ ಮನಸು ಬಂದ್ರ ಸುರೀತಿದ್ರು. ಒಂದಿನ ಇಂವಗ ಜ್ವರ. ಬಗಲಾಗ ಎತಗೊಂಡು ಹೊತ್ತು ನೆತ್ತಿಗಿ ಬರೂತನಾ ನಿಂತೆ. ಯಾರೂ ಸುರೀಲಿಲ್ಲ. ‘ಯವ್ವಾ, ನೀರು ಅಲ್ಲೇ ಅದಲ್ಲ, ಯಾಕ ಕೊಡವಲ್ರು?’ ಅಂತ ಕೇಳ್ದ. ಏನ್ ಹೇಳ್ಬೇಕ್ರೀ ನಾ?"

ಗೈಡ್ ಸಾಹೇಬರು ಮುರಿದ ರೊಟ್ಟಿಯನ್ನು ತಟ್ಟೆಗೇ ಇಳಿಸಿದರು. ರಾಯಚೂರಿನಲ್ಲಿ ನಲ್ಲಿ ತಿರುಗಿಸಿ ನೀರು ಕುಡಿದು ಬೆಳೆದವಳು ನಾನು. ಲೋಕದಲ್ಲಿ ಇಷ್ಟೆಲ್ಲ ವಿಷಯಗಳಿರುವಾಗ ಕಾಕಾ ಬಾವಿಯನ್ನೇ ಯಾಕೆ ಹಿಡಿದ ಎಂದು ಒಂದು ದಿನವೂ ಕೇಳಿರಲಿಲ್ಲ. ಹುಚ್ಚ, ತಿಳಿಗೇಡಿ ಎಂದು ಬೈದದ್ದೇ ಬಂತು.

ಕಾಕಾ ಎದ್ದು ಹಿತ್ತಲಿಗೆ ಹೋದ. ನಾನೂ ಹಿಂದೆಯೇ ಹೋಗಿ ಅವನ ಕೈ ಹಿಡಿದುಕೊಂಡೆ. ಅವನು ನನ್ನ ಮುಖ ನೋಡಿ, "ಸಿಟ್ಟು ಹೋತೇನವ್ವ?" ಎಂದು ಕೇಳಿದ. ನನಗೆ ಅಳು ಬಂದುಬಿಟ್ಟಿತು.