ನೀವೇನ ಉಂಡ್ರಿ?

ಹೋಟೆಲಿಗೆ ಹೋಗಿ ಊಟ ಮಾಡಿ ಬರುವುದಕ್ಕೂ ಗೊತ್ತಿಲ್ಲದ ಗಂಡಸರು ಇರುತ್ತಾರೆಯೇ? ಇರುತ್ತಾರೆ! ಅಂಥವರೊಬ್ಬರ ಜೊತೆ ನಾನು ಒಂಬತ್ತು ವರ್ಷ ಸಂಸಾರ ಮಾಡಿದ್ದೇನೆ. ಅವರ ಹೆಸರು ಹೇಳುವುದಿಲ್ಲ. ನಮ್ಮ ಕಡೆ ಗಂಡನ ಹೆಸರನ್ನು ಸುಮ್ಮನೆ ಹೇಳುವ ಹಾಗಿಲ್ಲ, ಪ್ರಾಸ ಹೊಂದಿಸಿ ಒಡಪು ಕಟ್ಟಿಯೇ ಹೇಳಬೇಕು. ಮದುವೆಯ ದಿನ ಒಡಪನ್ನು ಅರ್ಧಕ್ಕೇ ಮರೆತು ಬೀಗರ ಮುಂದೆ ನಗೆಪಾಟಲಾದವಳು ನಾನು. ಹಾಗಾಗಿ ‘ನಮ್ಮ ಮನೆಯವರು’ ಎಂದರೆ ಸಾಕು.

ಆ ರವಿವಾರ ನಾವು ಹುನಗುಂದದ ಒಂದು ಖಾನಾವಳಿಯಲ್ಲಿ ಕುಳಿತಿದ್ದೆವು. ನಾವು ಅಂದರೆ ನಮ್ಮ ಮನೆಯವರು, ನಾನು, ಏಳು ವರ್ಷದ ಮಗ ಮತ್ತು ನಾಲ್ಕು ವರ್ಷದ ಮಗಳು. ಮಧ್ಯಾಹ್ನ ಒಂದು ಗಂಟೆ. ಅಕ್ಕಪಕ್ಕದ ಟೇಬಲ್ಲುಗಳಲ್ಲಿ ಜನ ಮಾತಿಲ್ಲದೆ ರೊಟ್ಟಿ ಮುರಿಯುತ್ತಿದ್ದರು. ಮಾಲೀಕರು ಹೆಗಲ ಮೇಲಿನ ಟವೆಲಿನಿಂದ ನಮ್ಮ ಟೇಬಲ್ಲು ಒರೆಸುತ್ತ, “ಊಟ ನಾಕು ಹಚ್ಚಲೇನ್ರಿ?” ಎಂದು ಕೇಳಿದರು.

ಬೇರೆ ಯಾರಾದರೂ ‘ಹೂಂ ಹಚ್ರಿ’ ಅನ್ನುತ್ತಿದ್ದರು. ನಮ್ಮ ಮನೆಯವರು ಮುಖವೆತ್ತಿ, “ಅಣ್ಣಾರ, ನೀವೇನ ಉಂಡ್ರಿ?” ಎಂದರು.

ನಾನು ಗೋಡೆ ಕಡೆ ಮುಖ ತಿರುಗಿಸಿದೆ. ಆ ಪ್ರಶ್ನೆ ಬಂದಾಗಲೆಲ್ಲ ನೋಡಲು ನನಗೊಂದು ಗೋಡೆ ಬೇಕಾಗುತ್ತಿತ್ತು.

“ನಾನೇನ್ರಿ? ನಾ ಇನ್ನಾ ಉಂಡಿಲ್ಲ. ಗಿರಾಕಿ ಎಲ್ಲಾ ಮುಗಿಯೂದ್ರಾಗ ನಾಕ ಹೊಡಿತೈತಿ.”

“ಹಂಗಂದ್ರ ಮದ್ಲ ನೀವು ಉಣ್ರಿ. ನೀವು ಏನ ಉಣ್ತೀರಿ ಅದ್ನ ನಮಗೂ ಕೊಡ್ರಿ.”

“ಮತ್ತ ಗಲ್ಲೇದಾಗ ಯಾರ ಕುಂದರಬೇಕು?”

“ನಾ ಕುಂದರ್ತೀನಿ, ಬಿಡ್ರಿ!”

ಮಾಲೀಕರು ಚೇಷ್ಟೆ ಎಂದುಕೊಂಡು ನಕ್ಕರು. ಚೇಷ್ಟೆಯಲ್ಲ ಎಂದು ಒಂಬತ್ತು ವರ್ಷದ ಅನುಭವದಿಂದ ನನಗೆ ಗೊತ್ತಿತ್ತು. ಐದೇ ನಿಮಿಷದಲ್ಲಿ ಆ ಮನುಷ್ಯ ನನ್ನ ಮಗನ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದರು. ನನ್ನ ಗಂಡ ಗಲ್ಲಾಪೆಟ್ಟಿಗೆಯ ಹಿಂದೆ! ಅಲ್ಲಿಯೂ ಸುಮ್ಮನೆ ಕೂರಲಿಲ್ಲ. ರೊಟ್ಟಿಯ ಬುಟ್ಟಿ ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಬಡಿಸುತ್ತ ಹೊರಟರು. ಮೂಲೆಯಲ್ಲಿ ಕೂತ ಗಿರಾಕಿಯೊಬ್ಬ, “ಏನ್ರಿ ಮಾಲಕ್ರ, ಪಲ್ಯಾಕ ಉಪ್ಪ ಹಾಕೂದ ಬಿಟ್ಟೀರೇನು?” ಎಂದು ಗದರಿಸಿದ. ಇವರು ಕೈಮುಗಿದು, “ತಪ್ಪಾತ್ರಿ. ನಾಳಿಂದ ಸರಿಯಾಗಿ ಹಾಕ್ತೀವಿ” ಎಂದರು. ತಕ್ಷಣ ಅಡುಗೆ ಮನೆಯಿಂದ ಮಾಲೀಕರ ಹೆಂಡತಿಯ ದನಿ ಬಂತು: “ಉಪ್ಪ ಹಾಕಾಕಿ ನಾ! ನಾಳಿಂದ ಹಾಕ್ತೀವಿ ಅನ್ನಾಕ ಅಂವ ಯಾಂವ?”

ಆ ಖಾನಾವಳಿಯ ಬೋರ್ಡಿನ ಮೇಲೆ ಹದಿನಾಲ್ಕು ಪದಾರ್ಥಗಳ ಹೆಸರಿತ್ತು. ನಾವು ತಿಂದದ್ದು ಬೋರ್ಡಿನಲ್ಲಿಲ್ಲದ ಹದಿನೈದನೆಯದು: ಹೆಂಡತಿ ಗಂಡನಿಗೆಂದು ಎತ್ತಿಟ್ಟಿದ್ದ ನಿನ್ನೆಯ ಪುಂಡಿ ಪಲ್ಯ, ಅದರ ಮೇಲೆ ಹಸಿ ಎಣ್ಣೆ, ಬಿಸಿ ರೊಟ್ಟಿ. ರುಚಿ ಹೇಗಿತ್ತು ಎಂದು ಕೇಳಬೇಡಿ. ಅಷ್ಟು ನಾಚಿಕೆಯಲ್ಲೂ ನಾನು ಮೂರು ರೊಟ್ಟಿ ತಿಂದೆ.

ಈ ಹುಚ್ಚಿಗೂ ಒಂದು ಕಾರಣವಿತ್ತು. ನವನಗರದಲ್ಲಿ ನಮ್ಮ ಮನೆಯವರದು ಮೋಟಾರ್ ವೈಂಡಿಂಗ್ ಅಂಗಡಿ. ಫ್ಯಾನು, ಪಂಪು, ಗ್ರೈಂಡರ್ ಎಲ್ಲ ರಿಪೇರಿ. ಹೋಟೆಲಿನ ದೊಡ್ಡ ಗ್ರೈಂಡರುಗಳನ್ನು ಅಂಗಡಿಗೆ ಹೊತ್ತು ತರಲಾಗುವುದಿಲ್ಲ, ಇವರೇ ಹೋಗಬೇಕು. ಹೋಗುವುದು ಹಿಂದಿನ ಬಾಗಿಲಿನಿಂದ. ಅಲ್ಲಿ ಇವರು ಒಂದು ದೊಡ್ಡ ಗುಟ್ಟು ಕಂಡುಹಿಡಿದರಂತೆ. ಮುಂದೆ ಜನ ಪಲಾವ್ ಉಣ್ಣುತ್ತಿದ್ದರೆ, ಹಿಂದೆ ಅದನ್ನು ಮಾಡಿದವರು ಬೇರೆಯೇ ಏನನ್ನೋ ಉಣ್ಣುತ್ತಿರುತ್ತಾರೆ!

“ಮಂದಿಗೆ ಮಾಡೂದು ಯಾಪಾರ. ತಮಗಂತ ಮಾಡ್ಕೊಂಡಿದ್ದು ಖರೆ ಅಡಗಿ” ಎನ್ನುವುದು ಅವರ ಸಿದ್ಧಾಂತ.

“ಹಂಗಂದ್ರ ಮನ್ಯಾಗ ನಾ ಮಾಡೂದು?” ಎಂದು ನಾನು ಒಮ್ಮೆ ಕೇಳಿದ್ದೆ.

“ನೀ ಏನ ಉಂಡಿ, ಅದ್ನ ಹೇಳು ಮದ್ಲ” ಎಂದರು. ಇಂಥವರ ಜೊತೆ ಜಗಳವಾದರೂ ಹೇಗೆ ಮಾಡುವುದು?

ಆದರೆ ರವಿವಾರದ ಈ ತಿರುಗಾಟ ಸಿದ್ಧಾಂತಕ್ಕಾಗಿ ಶುರುವಾದದ್ದಲ್ಲ. ಅದು ಶುರುವಾದದ್ದು ಮಗಳಿಗಾಗಿ. ಅವಳು ಉಣ್ಣುತ್ತಿರಲಿಲ್ಲ. ಹಟವಲ್ಲ, ಬೇನೆಯೂ ಅಲ್ಲ, ಅವಳಿಗೆ ಊಟ ಬೇಕೆನಿಸುತ್ತಲೇ ಇರಲಿಲ್ಲ, ಅಷ್ಟೆ. ಒಂದು ತುತ್ತನ್ನು ದವಡೆಯಲ್ಲಿಟ್ಟುಕೊಂಡು ಒಂದು ತಾಸು ಕೂರುವಳು. ಇವರು ಅವಳಿಗೆ ‘ಗುಬ್ಬಿ’ ಎಂದು ಹೆಸರಿಟ್ಟಿದ್ದರು. ಆದರೆ ಗುಬ್ಬಿ ಅವಳಿಗಿಂತ ಹೆಚ್ಚು ತಿನ್ನುತ್ತದೆ! ನಾಲ್ಕು ವರ್ಷಕ್ಕೆ ಹನ್ನೊಂದು ಕೆಜಿ. ದವಾಖಾನೆಯಲ್ಲಿ ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ಏನೂ ದೋಷವಿಲ್ಲ ಎಂದು ಹೇಳಿ, “ಚೆನ್ನಾಗಿ ಊಟ ಮಾಡಿಸಿ” ಎಂದರು. ನಾವು ಊಟವನ್ನು ಬೀಗ ಹಾಕಿ ಇಟ್ಟಿದ್ದೆವೇನೋ ಎನ್ನುವ ಹಾಗೆ! ಅತ್ತೆ ದೃಷ್ಟಿ ತೆಗೆದರು, ಬೀರಪ್ಪನಿಗೆ ಬೇಡಿಕೊಂಡರು. ನಾನು ಕಾಗೆ ತೋರಿಸಿದೆ, ಚಂದ್ರನನ್ನು ತೋರಿಸಿದೆ, ಕೊನೆಗೆ ಮೊಬೈಲನ್ನೂ ತೋರಿಸಿದೆ. ಮೊಬೈಲು ನೋಡಿದಳು, ಬಾಯಿ ತೆರೆಯಲಿಲ್ಲ. ಎಷ್ಟೋ ದಿನ ತಟ್ಟೆ ಹಿಡಿದುಕೊಂಡು ನಾನೇ ಅತ್ತಿದ್ದೇನೆ.

“ಈ ಮನಿ ಅಡಗಿ ಸೇರಂಗಿಲ್ಲಂದ್ರ ಮತ್ತೊಂದ ಮನಿದು ಸೇರಬೌದು. ಯಾವ ಮನಿ ಅಂತ ಹುಡುಕೋಣು” ಎಂದರು ಇವರು. ಹೀಗೆ ಶುರುವಾಯಿತು.

ಅಳೆಯದೆ ಯಾವ ಕೆಲಸವನ್ನೂ ಮಾಡುವವರಲ್ಲ. ಅಂಗಡಿಯಲ್ಲಿ ತಾಮ್ರದ ತಂತಿ ತೂಗಲು ಒಂದು ಕಾಂಟಾ ಇತ್ತು. ರವಿವಾರ ಹೊರಡುವಾಗ ಮಗಳನ್ನು ಅದರ ಮೇಲೆ ನಿಲ್ಲಿಸುವುದು, ಊಟ ಮುಗಿಸಿ ಬಂದು ಮತ್ತೆ ನಿಲ್ಲಿಸುವುದು! ಮೊದಲ ರವಿವಾರ ನಮ್ಮ ಸೆಕ್ಟರಿನಲ್ಲೇ ಇರುವ ಇಡ್ಲಿ-ದೋಸೆಯ ಹೋಟೆಲಿಗೆ ಹೋದೆವು. ಅಡುಗೆಯವನು ಉಂಡದ್ದು ಬರೀ ಮೊಸರನ್ನ, ಉಪ್ಪಿನಕಾಯಿ. ನಾವೂ ಅದನ್ನೇ ಉಂಡು ಬಂದೆವು. ಇವರು ಕಾಂಟಾದ ಮುಂದೆ ಕುಣಿದರು.

“ನೋಡ, ನೋಡ! ಇನ್ನೂರ ಗ್ರಾಂ ಏರೈತಿ!”

“ರೀ, ಹೋಗುವಾಗ ಚಪ್ಪಲಿ ಬಿಚ್ಚಿ ನಿಲ್ಲಿಸಿದ್ರಿ. ಈಗ ಕಾಲಾಗ ಅದಾವು.”

ಅವರು ಒಂದು ಕ್ಷಣ ಯೋಚಿಸಿ, “ಚಪ್ಪಲಿ ಬರೇ ನೂರೆಂಬತ್ತ ಗ್ರಾಂ ಇರ್ತಾವು” ಎಂದರು.

ನವನಗರದ ಸೆಕ್ಟರುಗಳು ಮುಗಿದವು, ಹಳೆ ಊರು ಮುಗಿಯಿತು. ಅಷ್ಟರಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿತ್ತಲ್ಲ, ಇವರ ಉತ್ಸಾಹವನ್ನು ಹಿಡಿಯುವವರೇ ಇರಲಿಲ್ಲ. ಇಳಕಲ್ಲಿಗೆ ಹೊರಟೆವು. ನಾನು ಒಳಗೊಳಗೇ ಸೀರೆಯ ಲೆಕ್ಕ ಹಾಕಿಕೊಂಡಿದ್ದೆ. ಊಟ ಮುಗಿಸಿ ಅಂಗಡಿಗೆ ಹೋಗೋಣ ಎಂದು ಇವರೂ ಒಪ್ಪಿದ್ದರು. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಹಣೆಗೆ ಗಂಧ ಹಚ್ಚಿಕೊಂಡ ಹಿರಿಯರೊಬ್ಬರು ಕೂತಿದ್ದರು. ಇವರು ಕೇಳಿಯೇಬಿಟ್ಟರು.

“ಇವತ್ತ ಏಕಾದಶಿ. ನಾ ಮುಂಜಾನಿಂದ ನೀರ ಸೈತ ಕುಡದಿಲ್ಲರಿ” ಎಂದರು ಹಿರಿಯರು.

ನಾನು ಇವರ ಮುಖ ನೋಡಿದೆ. ಇವರು ಸೂರು ನೋಡುತ್ತಿದ್ದರು. ಸಿದ್ಧಾಂತ ಅಂದ ಮೇಲೆ ಸಿದ್ಧಾಂತ! ಮಗ ಮಾತ್ರ ಎದ್ದು ನಿಂತ. “ಪಪ್ಪಾ, ಅಜ್ಜಗ ಏಕಾದಶಿ ಐತಿ. ನನಗಿಲ್ಲ. ನನಗ ದ್ವಾಸಿ!” ಹೋಟೆಲಿಗೆ ಹೋಟೆಲೇ ನಕ್ಕಿತು. ಮಗನಿಗೆ ದೋಸೆ ಬಂತು. ನಮಗಿಬ್ಬರಿಗೆ ಹಿರಿಯರು ತಮ್ಮ ಸಂಜೆಯ ಫಲಾಹಾರದಿಂದ ಎರಡೆರಡು ಬಾಳೆಹಣ್ಣು ಕೊಟ್ಟರು. ಮಗಳು ಅರ್ಧ ಬಾಳೆಹಣ್ಣು ತಿಂದು, ಉಳಿದ ಅರ್ಧವನ್ನು ನನ್ನ ಸೆರಗಿಗೆ ಒರೆಸಿದಳು. ಆ ಸೆರಗಿನಲ್ಲಿ ಅಂಗಡಿಗೆ ಹೇಗೆ ಹೋಗುವುದು? ಇಳಕಲ್ಲಿಗೆ ಹೋಗಿ ಸೀರೆ ತರದೆ ಬರೀ ಹಸಿವು ತಂದ ಹೆಂಗಸು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು!

ಬಾದಾಮಿಯ ಕಥೆ ಬೇರೆ. ಪ್ರವಾಸಿಗರು ಬರುವ ಹೋಟೆಲು, ಮಾಳಿಗೆಯ ಮೇಲೆ ಟೇಬಲ್ಲುಗಳು, ಟೈ ಕಟ್ಟಿದ ವೇಟರು. ಇವರು ಕೇಳಿದ ಪ್ರಶ್ನೆಗೆ ಅವನು ಮೆನು ಕಾರ್ಡು ಚಾಚಿದ. ಇವರು ಮತ್ತೆ ಕೇಳಿದರು. ಅವನು ಆಚೀಚೆ ನೋಡಿ, ದನಿ ಇಳಿಸಿ, “ನಮಗ ಅಡಗಿ ಯವ್ವ ಮನಿಂದ ರೊಟ್ಟಿ ತರ್ತಾಳ್ರಿ ಸರ್. ಹಿತ್ತಲದಾಗ ಕುಂತಾಳ. ಮ್ಯಾನೇಜರ್‌ಗೆ ಹೇಳಬ್ಯಾಡ್ರಿ” ಎಂದ. ಮ್ಯಾನೇಜರರ ಸಮಾಧಾನಕ್ಕೆಂದು ಒಂದು ತಟ್ಟೆ ಪನೀರು ಹೇಳಿ, ಅದು ಬಂದದ್ದೇ ತಡ, ಟೇಬಲ್ಲಿನ ಮೇಲೆಯೇ ಬಿಟ್ಟು ನಾವು ನಾಲ್ವರೂ ಹಿತ್ತಲಿಗೆ ಇಳಿದೆವು.

ನೀರಿನ ತೊಟ್ಟಿಯ ಪಕ್ಕ ಒಬ್ಬ ಮುದುಕಿ ಬಿಳಿ ಬಟ್ಟೆಯ ಗಂಟು ಬಿಚ್ಚಿಕೊಂಡು ಕೂತಿದ್ದಳು. ಒಣಗಿದ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ, ಕೆನೆ ಮೊಸರು.

“ಯವ್ವಾ, ಏನ ಉಣ್ಣಾಕತ್ತಿ?” ಎಂದರು ಇವರು.

ಅವಳು ಇವರನ್ನು ಕಾಲಿನಿಂದ ತಲೆಯ ತನಕ ನೋಡಿ, “ಯಾಕೋ ಯಪ್ಪಾ, ಮ್ಯಾಲ ಉಣ್ಣಾಕ ಹಾಕಲಿಲ್ಲೇನು ನಿನಗ?” ಎಂದಳು. ನಂತರ ನನ್ನ ಸೊಂಟದ ಮೇಲಿದ್ದ ಮಗಳನ್ನು ನೋಡಿದಳು. “ಇದೇನವಾ, ಕೂಸಿನ ಮೈಯಾಗ ಬರೇ ಎಲಬ ಅದಾವು! ಕೊಡ ಇಲ್ಲೆ.”

ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಕಾಗೆಯಿಲ್ಲ, ಚಂದ್ರನಿಲ್ಲ. ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ಬಾಯಿಗಿಟ್ಟಳು. ಮಗಳು ಬಾಯಿ ತೆರೆದಳು! ನುಂಗಿದಳು! ಮತ್ತೆ ತೆರೆದಳು. ಹೀಗೆ ಕಾಲು ರೊಟ್ಟಿ. ಇವರು ನನ್ನ ಕೈ ಹಿಚುಕಿ, “ನಾ ಹೇಳಿರಲಿಲ್ಲೇನು?” ಎಂದು ಪಿಸುಗುಟ್ಟಿದರು. ಕಣ್ಣಲ್ಲಿ ನೀರಿತ್ತು. ಹಿಂಡಿಯ ಖಾರ ಎಂದು ಹೇಳಿದರು. ಅವರು ಇನ್ನೂ ಹಿಂಡಿ ಮುಟ್ಟಿರಲೇ ಇಲ್ಲ.

ಮೇಲೆ ಬಂದು ನೋಡಿದರೆ ನಮ್ಮ ಟೇಬಲ್ಲಿನ ಮೇಲೆ ಒಂದು ಮಂಗ ಕೂತಿತ್ತು. ಪನೀರಿನ ಜೊತೆ ಇಟ್ಟಿದ್ದ ಉಳ್ಳಾಗಡ್ಡಿ, ಸೌತೆಕಾಯಿ ತಿಂದು ಮುಗಿಸಿ ಪನೀರನ್ನು ಮೂಸಿ ಬಿಟ್ಟಿತ್ತು. “ನೋಡ, ತಿಳದ ಮಂಗ್ಯಾ!” ಎಂದರು ನಮ್ಮ ಮನೆಯವರು.

ಬಾದಾಮಿಯ ನಂತರ ಮತ್ತೆ ಹಳೆಯ ರಾಗವೇ. ಮನೆಯಲ್ಲಿ ನಾನೂ ಮೊಸರಿನಲ್ಲಿ ರೊಟ್ಟಿ ನೆನೆಸಿದೆ, ಅವಳು ಬಾಯಿ ಬಿಗಿದಳು. ಆ ರವಿವಾರ ಹುನಗುಂದದ ಖಾನಾವಳಿಯಲ್ಲೂ ಅವಳು ತಿಂದದ್ದು ಎರಡು ತುತ್ತು. ನನಗೆ ಬೇಸರ ಬಂದಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಿಯೇಬಿಟ್ಟೆ: “ಸಾಕ ಮಾಡೂಣ್ರಿ ಈ ತಿರುಗಾಟ. ಎರಡ ತುತ್ತಿಗೆ ಇಷ್ಟ ದೂರ ಬರಬೇಕೇನು?”

ಮಗಳು ಅವರ ತೊಡೆಯ ಮೇಲೆ ನಿದ್ದೆಹೋಗಿದ್ದಳು. “ಹೋದ ವಾರ ಒಂದ ತುತ್ತ ಇತ್ತು” ಎಂದರು ಅವರು. “ಈ ವಾರ ಎರಡ. ಡಬಲ್ ಆತಲ್ಲ! ಅಕಿ ಉಣ್ತಾಳ. ಹೊಟ್ಟಿ ತುಂಬ ಉಣ್ತಾಳ, ನಾ ನೋಡೇ ನೋಡ್ತೀನಿ.”

ಮರುದಿನ ಸೋಮವಾರ. ಮುಂಜಾನೆ ಚಹಾ ಕುಡಿದು ಅಂಗಡಿಗೆ ಹೋದರು. ಹನ್ನೊಂದು ಗಂಟೆಗೆ ಪಕ್ಕದ ಅಂಗಡಿಯವರ ಫೋನು ಬಂತು. ಒಂದು ಪಂಪಿಗೆ ತಂತಿ ಸುತ್ತುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ನಾನು ದವಾಖಾನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಅವರಿಗೆ ಮೂವತ್ತೊಂಬತ್ತು ವರ್ಷ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು, ಬೀಗರು, ಗೆಳತಿಯರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಎದುರಿಗೆ ಕೂತು ಉಣಿಸಿಯೇ ಹೋಗುತ್ತಾರೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಹತ್ತು ಮನೆಯ ಅಡುಗೆ ಇತ್ತು. ಗುಳೇದಗುಡ್ಡದಿಂದ ನನ್ನ ಅಕ್ಕ ತಂದದ್ದು, ಹಿಂದಿನ ಮನೆಯವರದು, ಅಂಗಡಿಯ ಸಾಲಿನವರದು. ನಾನು ಯಾವುದನ್ನೂ ಮುಟ್ಟಿರಲಿಲ್ಲ.

ಮೂರನೆಯ ದಿನ ಹಿಂದಿನ ಮನೆಯ ಅಜ್ಜಿ ನನ್ನ ಮುಂದೆ ತಟ್ಟೆ ಹಿಡಿದು, “ಉಣ್ಣ ನನ್ನವ್ವಾ. ನೀ ಉಣ್ಣಲಿಲ್ಲಂದ್ರ ಈ ಕೂಸ ಹೆಂಗ ಉಣ್ಣಬೇಕು?” ಎಂದರು. ಮಗಳು ಅವರ ತೊಡೆಯ ಮೇಲೆಯೇ ಇದ್ದಳು. ಅವರು ನನಗೆಂದು ಮುರಿದ ತುತ್ತನ್ನು ನೋಡಿ ಬಾಯಿ ತೆರೆದಳು. ಅಜ್ಜಿ ಇಟ್ಟರು. ನುಂಗಿ, “ಆಯಿ, ಇನ್ನೊಂದ” ಎಂದಳು. ಅದು ಮುಗಿಯಿತು. “ಇನ್ನೊಂದ.” ನೋಡನೋಡುತ್ತಿದ್ದಂತೆ ಅರ್ಧ ರೊಟ್ಟಿ ಮುಗಿಯಿತು, ಮುಕ್ಕಾಲು ಮುಗಿಯಿತು. ಆ ಮೇಲೆ ನನ್ನ ಅಕ್ಕನ ಡಬ್ಬಿಯ ಕಡೆ ಬೆರಳು ತೋರಿಸಿದಳು.

ನಾನು ತಟ್ಟನೆ ಬಾಗಿಲ ಕಡೆ ತಿರುಗಿ, “ರೀ, ನೋಡ ಬರ್ರಿ ಇಲ್ಲೆ! ಉಣ್ಣಾಕತ್ತಾಳ!” ಎಂದು ಕೂಗಿಬಿಟ್ಟೆ.

ಮನೆ ತುಂಬ ಹೆಂಗಸರಿದ್ದರು. ಅಜ್ಜಿ ನನ್ನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡರು. ಮಗಳು ಅಗಿಯುತ್ತಲೇ ಇದ್ದಳು.

ಈಗ ಅವಳಿಗೆ ಐದು ತುಂಬಿದೆ. ನಾನು ಬ್ಲೌಸ್ ಹೊಲಿಯುತ್ತೇನೆ, ಅಂಗಡಿಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ದಿನಗಳು ನಡೆಯುತ್ತವೆ, ನಗುವುದೂ ಇದೆ. ಕೆಲವು ರವಿವಾರ ಮಕ್ಕಳನ್ನು ಕರೆದುಕೊಂಡು ಊಟಕ್ಕೆ ಹೋಗುತ್ತೇನೆ. ಎಲ್ಲರ ಹಾಗೆ ಬೋರ್ಡು ನೋಡಿ ಹೇಳುತ್ತೇನೆ. ಮಗಳು ಮನೆಯಲ್ಲೂ ಒಂದು ರೊಟ್ಟಿ ಪೂರ್ತಿ ತಿನ್ನುತ್ತಾಳೆ, ಹಸಿವಾದ ದಿನ ಒಂದೂವರೆ.

ಅವಳು ಹೊಟ್ಟೆ ತುಂಬ ಉಣ್ಣುವುದನ್ನು ಅವರು ಒಂದು ಸಲವೂ ನೋಡಲಿಲ್ಲ.