ಸನ್ಮಾನಕ್ಕೆ ಬಂದ ಟ್ರ್ಯಾಕ್ಟರ್

೧೯೯೮ರ ಸೆಪ್ಟೆಂಬರ್ ಐದು, ಶನಿವಾರ, ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಕಾನಹೊಸಹಳ್ಳಿಯ ಬಸ್ ನಿಲ್ದಾಣದಲ್ಲಿ ವಿಜ್ಞಾನದ ಮೇಷ್ಟ್ರು ಪಾಲಾಕ್ಷಪ್ಪ ತಮ್ಮ ಶಾಲೆಯ ಊರಿನ ಹಿರಿಯ ಏಕಾಂತಪ್ಪನವರಿಗೆ ಹೇಳಿದ ಒಂದು ಮಾತು ಇಡೀ ದಿನವನ್ನು ಕೆಡಿಸಿತು.

"ಯಜಮಾನ್ರ, ಇವತ್ತು ಕೂಡ್ಲಿಗ್ಯಾಗ ನನಗ ತಾಲ್ಲೂಕು ಪ್ರಶಸ್ತಿ ಕೊಡ್ತಾರ. ಬಂದು ಸಾಹೇಬ್ರ ಮುಂದ ಎರಡು ಒಳ್ಳೇ ಮಾತು ಹೇಳ್ರಿ."

ಉಪಾಯ ಸಹೋದ್ಯೋಗಿ ಚೌಡಣ್ಣನದು. "ಪ್ರಶಸ್ತಿ ಅಂದ್ರ ಒಂದು ಶಾಲು, ಒಂದು ಫಲಕ. ಅದರಿಂದ ಸಂಬಳ ಏರಂಗಿಲ್ಲ. ಸಾಹೇಬ್ರ ಮನಸು ಕರಗಿದ್ರ ವರ್ಗಾವಣಿ ಆದ್ರೂ ಆಗತೈತಿ," ಎಂದಿದ್ದ.

ಮೇಷ್ಟ್ರಿಗೆ ಬೇಕಾದದ್ದು ಅದೊಂದೇ. ಹೆಂಡತಿ ಸುಕನ್ಯಾ, ಪುಟ್ಟ ಮಗಳು ಹಗರಿಬೊಮ್ಮನಹಳ್ಳಿಯಲ್ಲಿದ್ದರು. ಮಗಳು ಅಪ್ಪನನ್ನು ಭಾನುವಾರದ ನೆಂಟನೆಂದೇ ತಿಳಿದಿದ್ದಳು. ವರ್ಗಾವಣೆ ಕೇಳಿದ್ದನ್ನು ಊರವರಿಗೆ ಹೇಳಲು ಮಾತ್ರ ಅವರಿಗೆ ಸಂಕೋಚ.

ಎರಡು ಮಾತು ಕೇಳಿದರೆ ಕೂಡ್ಲಿಗಿಯ ಸಮಾರಂಭಕ್ಕೆ ಟ್ರ್ಯಾಕ್ಟರಿನ ಟ್ರೇಲರ್ ತುಂಬ ಊರಿನ ಜನವೇ ಬಂತು, ಹಲಗೆ ಬಾರಿಸುತ್ತ. ಏಕಾಂತಪ್ಪ ಹಾಕಿದ ಚೆಂಡುಹೂವಿನ ಹಾರ ಮೇಷ್ಟ್ರ ಮೂಗಿನವರೆಗೆ ಬಂತು. ಅವರು ಸೀನಿದ ರಭಸಕ್ಕೆ ಕನ್ನಡಕ ಹಾರಿ ವೇದಿಕೆಯಲ್ಲಿ ಕೂತಿದ್ದ ಶಿಕ್ಷಣಾಧಿಕಾರಿ ಸಾಹೇಬರ ಮಡಿಲಲ್ಲಿ ಬಿತ್ತು.

ಟ್ರೇಲರಿನಲ್ಲಿ ಬಂದಿದ್ದ ಮಾಳಮ್ಮ ಮೈಕು ಹಿಡಿದಳು. "ಸಾಹೇಬ್ರ, ನನ್ನ ಮಗಳು ಎಮ್ಮಿ ಹಿಂದ ಹೋಗಾಕಿ. ಈ ಮೇಷ್ಟ್ರು ಬಂದ ಮ್ಯಾಲೆ ಎಮ್ಮೀಗೂ ಗುರುತ್ವಾಕರ್ಷಣಿ ಪಾಠ ಹೇಳತಾಳ."

ಶಿಕ್ಷಣಾಧಿಕಾರಿ ಬೇಸಿಗೆಯ ಡಾಲ್ಡಾದಂತೆ ಕರಗಿದರು. "ಕೆಲಸ ಆತು ಬಿಡ್ರಿ," ಎಂದು ಚೌಡಣ್ಣ ಪಿಸುಗುಟ್ಟಿದ.

ಸಾಹೇಬರು ಎದ್ದು ನಿಂತರು. "ಇವರ ವರ್ಗಾವಣಿ ಆದೇಶಕ್ಕ ನಿನ್ನೆ ಸಂಜೀನ ಸಹಿ ಮಾಡೀನಿ. ಚೀಲದಾಗ ಐತಿ."

ಹಲಗೆ ನಿಂತಿತು.

"ಇಂಥವರನ್ನ ಯಾಕ್ರಿ ಎತ್ತಿ ಹಾಕ್ತೀರಿ?" ಏಕಾಂತಪ್ಪನ ದನಿ ಒಡೆಯಿತು. "ಇವರೇನು ತಪ್ಪು ಮಾಡ್ಯಾರ? ನಿಮ್ಮ ಜೀಪಿನ ಮುಂದ ನಮ್ಮ ಟ್ರ್ಯಾಕ್ಟರ್ ಅಡ್ಡ ನಿಲ್ಲತೈತಿ."

"ಏನ್ ಮಾಡ್ಲಿ ಮೇಷ್ಟ್ರೇ, ನೀವೇ ಹೇಳ್ರಿ," ಎಂದರು ಸಾಹೇಬರು.

ಮಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಪಾಲಾಕ್ಷಪ್ಪ ಹಾರವನ್ನು ಸರಿಪಡಿಸಿಕೊಂಡರು. ನಾನೇ ಕೇಳಿಕೊಂಡದ್ದು ಎಂಬ ಮಾತು ಹಾರದ ಹಿಂದೆಯೇ ಉಳಿಯಿತು.

"ಜನರ ಪ್ರೀತಿಗಿಂತ ದೊಡ್ಡ ಬಹುಮಾನ ಇಲ್ಲ," ಎಂದು ಸಾಹೇಬರು ಆದೇಶವನ್ನು ಹರಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಚೌಡಣ್ಣ.

ಸಂಜೆ ಊರವರು ಮೇಷ್ಟ್ರನ್ನು ಟ್ರೇಲರಿನ ಮೇಲೆ ಕುರ್ಚಿ ಹಾಕಿ ಕೂರಿಸಿ ಮೆರವಣಿಗೆಯಲ್ಲಿ ಶಾಲೆಗೆ ಕರೆತಂದರು. ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿಯ ಕೊನೆಯ ಬಸ್ಸು ಹೋಗಿತ್ತು. ಅಲ್ಲಿಂದ ಮನೆಗೆ ಐವತ್ತೆಂಟು ಕಿಲೋಮೀಟರ್.